ಮಗಳ ಬೀಜಗಣಿತಕ್ಕೆ ನಾನೇನು ಮಾಡಲಿ?

ಆಲೂರಿನ ಅಮ್ಮ:
ಮಗಳು ಏಳನೇ ಕ್ಲಾಸು. 3ಎಕ್ಸ್ + 5 = 65 ಅಂತ ನೋಡಿದರೆ ಸಾಕು, ಪೆನ್ಸಿಲ್ ಕೆಳಗಿಡುತ್ತಾಳೆ. "5 ಆ ಕಡೆ ಹೋದರೆ ಮೈನಸ್ಸಾಗುತ್ತದೆ" ಅಂತ ಹೇಳಿಕೊಟ್ಟೆ. "ಯಾಕಮ್ಮಾ?" ಅಂದಳು. ನನಗೂ ಗೊತ್ತಿಲ್ಲ! ಹಾಸನಕ್ಕೆ ಟ್ಯೂಷನ್‌ಗೆ ಕಳಿಸಬೇಕಾ?

ಹಾಸನದ ನಿವೃತ್ತ ಮೇಷ್ಟ್ರು:
ಟ್ಯೂಷನ್ ಆಮೇಲೆ ನೋಡೋಣ ತಾಯಿ. ಮೊದಲು ಒಂದು ತಕ್ಕಡಿ ಚಿತ್ರ ಬರೆಯಿರಿ. ಎಡಕ್ಕೆ ಒಂದೇ ತೂಕದ ಮೂರು ಚೀಲ ಆಲೂಗಡ್ಡೆ, ಜೊತೆಗೆ 5 ಕೆಜಿ ಕಲ್ಲು. ಬಲಕ್ಕೆ 65 ಕೆಜಿ. ಎರಡೂ ಕಡೆಯಿಂದ 5 ಕೆಜಿ ತೆಗೆಸಿ. ಮೂರು ಚೀಲಕ್ಕೆ 60, ಒಂದಕ್ಕೆ 20. ಆ 5 ಎಲ್ಲಿಗೂ ಹೋಗಲಿಲ್ಲ, ಎರಡೂ ಕಡೆ ಕಳೆದೆವು ಅಷ್ಟೇ. ಕೊನೆಗೆ ಎಕ್ಸ್ ಜಾಗಕ್ಕೆ 20 ಹಾಕಿ ತಾಳೆ ನೋಡಿಸಿ. ನನ್ನ ಮಕ್ಕಳು ಜಾಸ್ತಿ ಮರೆಯುತ್ತಿದ್ದದ್ದು ಇದನ್ನೇ.

ಚಿಕ್ಕಮಗಳೂರಿನ ಅಪ್ಪ:
ನನ್ನ ಮಗ 3ಎಕ್ಸ್ + 2 ಅಂದರೆ 5ಎಕ್ಸ್ ಅಂತಿದ್ದ. ಮೂರು ಚೀಲ ಕಾಫಿಗೆ ಎರಡು ಕೆಜಿ ಸೇರಿಸಿದರೆ ಐದು ಚೀಲ ಆಗುತ್ತಾ ಅಂತ ಕೇಳಿದೆ. ನಕ್ಕುಬಿಟ್ಟ. ಅಂದಹಾಗೆ, "ನನಗೂ ಗಣಿತ ಬರುತ್ತಿರಲಿಲ್ಲ" ಅಂತ ಮಾತ್ರ ಅವಳೆದುರು ಹೇಳಬೇಡಿ.

ಆಲೂರಿನ ಅಮ್ಮ:
ಅಯ್ಯೋ, ಹೇಳಿಯಾಗಿದೆ! ಆದರೆ ಚೀಲ ಅಂದ ಕೂಡಲೇ ಬಾಯಲ್ಲೇ 20 ಅಂದಳು ಸರ್. ಈಗ ಎಕ್ಸ್ ಬದಲು ಚೀಲದ ಚಿತ್ರವನ್ನೇ ಬರೆಯುತ್ತಿದ್ದಾಳೆ.