ಎರಡು ರೌಟರ್, ಒಂದೇ ಪ್ರಿಂಟರ್: ಮೇಲಿನ ಮಹಡಿಯಿಂದ ಮುದ್ರಿಸುವುದು ಹೇಗೆ?

ಪ್ರಶ್ನೆ (ಕಲಬುರಗಿಯಿಂದ):
ನಮ್ಮದು ಶಹಾಬಾದ್ ಕಲ್ಲಿನ ದಪ್ಪ ಗೋಡೆಗಳ ಹಳೆಯ ಮನೆಯಾದ್ದರಿಂದ ಕೆಳಗಿನ ವೈಫೈ ಮಹಡಿಗೆ ತಲುಪದೆ, ಅಲ್ಲಿಗೆ ಕೇಬಲ್ ಎಳೆಸಿ ಎರಡನೆಯ ರೌಟರ್ ಇಟ್ಟಿದ್ದೇವೆ. ಕೆಳಗಿರುವ ಪ್ರಿಂಟರಿನ ವಿಳಾಸ 192.168.0.20, ಮಹಡಿಯ ಲ್ಯಾಪ್‌ಟಾಪಿನದು 192.168.1ರಿಂದ ಆರಂಭವಾಗುತ್ತದೆ. ಅದಕ್ಕೆ ಪ್ರಿಂಟರ್ ಕಾಣಿಸುವುದೇ ಇಲ್ಲ. ಪರಿಹಾರವೇನು?

ಉತ್ತರ 1:
ಕೇಬಲ್ ಎರಡನೆಯ ರೌಟರಿನ ವ್ಯಾನ್ ಪೋರ್ಟಿನಲ್ಲಿ (ಹೊರಗಿನ ಇಂಟರ್ನೆಟ್ ಸಂಪರ್ಕಕ್ಕಿರುವ ಕಿಂಡಿ) ಇರಬೇಕು ಸರ್. ಆದ್ದರಿಂದ ಅದು ತನ್ನದೇ ಪ್ರತ್ಯೇಕ ಜಾಲವನ್ನು ಕಟ್ಟಿಕೊಂಡಿದೆ, ಮತ್ತು ಪ್ರಿಂಟರ್ ತನ್ನ ಇರುವಿಕೆಯನ್ನು ಸಾರುವ ಸಂದೇಶಗಳು ಆ ಗಡಿಯನ್ನು ದಾಟುವುದಿಲ್ಲ. ಕೇಬಲ್ ತೆಗೆದು, ಆ ರೌಟರಿಗೆ 192.168.0.2ರಂತಹ, ಬೇರಾವ ಸಾಧನವೂ ಬಳಸದ ವಿಳಾಸ ಕೊಟ್ಟು, ಅದರ ಡಿಎಚ್‌ಸಿಪಿಯನ್ನು (ಸಾಧನಗಳಿಗೆ ತಾನಾಗಿಯೇ ವಿಳಾಸ ಹಂಚುವ ವ್ಯವಸ್ಥೆ) ನಿಲ್ಲಿಸಿದ ಬಳಿಕ ಕೇಬಲನ್ನು ಲ್ಯಾನ್ ಪೋರ್ಟಿಗೆ (ಮನೆಯೊಳಗಿನ ಸಾಧನಗಳನ್ನು ಜೋಡಿಸುವ ಕಿಂಡಿ) ಸೇರಿಸಿರಿ. ಸೆಟ್ಟಿಂಗ್‌ಗಳಲ್ಲಿ ‘ಆಕ್ಸೆಸ್ ಪಾಯಿಂಟ್ ಮೋಡ್’ (ಪ್ರತ್ಯೇಕ ಜಾಲ ಕಟ್ಟದೆ, ಇರುವ ಜಾಲವನ್ನೇ ವಿಸ್ತರಿಸುವ ವಿಧಾನ) ಇದ್ದರೆ ಇಷ್ಟು ಶ್ರಮವೂ ಬೇಡ, ಅದನ್ನೇ ಆರಿಸಿರಿ.

ಉತ್ತರ 2:
ಅಷ್ಟೆಲ್ಲ ಬದಲಿಸಲು ಅಳುಕಿದ್ದರೆ, ಲ್ಯಾಪ್‌ಟಾಪಿನಲ್ಲಿ ಪ್ರಿಂಟರಿನ ಐಪಿ ವಿಳಾಸವನ್ನು (192.168.0.20) ನೇರವಾಗಿ ಬರೆದು ಅದನ್ನು ಸೇರಿಸಿ ನೋಡಿರಿ. ಎರಡನೆಯ ರೌಟರಿನ ಒಳಗಿನಿಂದ ಮೊದಲನೆಯ ಜಾಲಕ್ಕೆ ದಾರಿ ಸಾಮಾನ್ಯವಾಗಿ ತೆರೆದಿರುತ್ತದೆ. ಹಿಂದಿರುಗಿ ಬರುವ ದಿಕ್ಕಿನಲ್ಲಿ ಹೊಸ ಸಂಪರ್ಕಕ್ಕೆ ಅವಕಾಶವಿರುವುದಿಲ್ಲ. ಯಾವ ಮಾರ್ಗವನ್ನು ಹಿಡಿದರೂ, ಕರೆಂಟ್ ಹೋಗಿ ಬಂದಾಗ ಪ್ರಿಂಟರಿನ ವಿಳಾಸ ಬದಲಾಗದಂತೆ ಕೆಳಗಿನ ರೌಟರಿನಲ್ಲಿ ಅದನ್ನು ಕಾಯ್ದಿರಿಸಿರಿ. ನಮ್ಮ ಕಡೆಯ ಬೇಸಿಗೆಯಲ್ಲಿ ಇದು ಮುಖ್ಯ.

ಪ್ರಶ್ನೆ ಕೇಳಿದವರು:
ಲ್ಯಾನ್ ಪೋರ್ಟಿಗೆ ಬದಲಿಸಿದೆ, ಪ್ರಿಂಟರ್ ತಾನಾಗಿಯೇ ಕಾಣಿಸಿತು. ವಿಳಾಸವನ್ನೂ ಕಾಯ್ದಿರಿಸಿದ್ದೇನೆ. ಇಬ್ಬರಿಗೂ ಧನ್ಯವಾದಗಳು.