ಅಪ್‌ಡೇಟ್: ಶೆಲ್ಟರ್ ನಾಯಿಗಳಿಗಾಗಿ ಕಾನೂನು ಕೇಳುವುದು ಹೇಗೆ ಅಂತ ಕೇಳಿದ್ದೆ

ಶೆಲ್ಟರ್ ಅಂದರೆ ನಾಯಿಗಳ ಆಶ್ರಯತಾಣದಲ್ಲಿರುವ ನಾಯಿಗಳಿಗೆ ಒಳ್ಳೆ ಕಾನೂನು ಬೇಕು ಅಂತ ಹೇಗೆ ಒತ್ತಾಯಿಸುವುದು ಎಂದು ಹೋದ ತಿಂಗಳು ಇಲ್ಲಿ ಕೇಳಿದ್ದೆ, ನೆನಪಿರಬಹುದು. ನಮ್ಮೂರಿನ ಒಂದು ಶೆಲ್ಟರ್‌ನಲ್ಲಿ ಒಂದೇ ಗೂಡಿನಲ್ಲಿ ಏಳೆಂಟು ನಾಯಿ, ನೀರಿನ ಬಟ್ಟಲು ಖಾಲಿ. ಯಾವ ಕಾನೂನು ಹಿಡಿದು ಹೋಗಬೇಕು ಅಂತ ಗೊತ್ತಿರಲಿಲ್ಲ.

ನೀವು ಹೇಳಿದ ಹಾಗೆ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಓದಿದೆ. ಸೆಕ್ಷನ್ 11ರಲ್ಲಿ ಸಾಕಷ್ಟು ಊಟ, ನೀರು, ನೆರಳು ಕೊಡದಿದ್ದರೆ ಅಪರಾಧ ಅಂತ ಸ್ಪಷ್ಟವಾಗಿದೆ. ಈ ಕಾಯ್ದೆಯ ಪ್ರಕಾರ 'ಮಾಲೀಕ' ಅಂದರೆ ಪ್ರಾಣಿಯನ್ನು ಸದ್ಯಕ್ಕೆ ತನ್ನ ವಶದಲ್ಲಿ ಇಟ್ಟುಕೊಂಡವರೂ ಸೇರುತ್ತಾರೆ, ಹಾಗಾಗಿ ಶೆಲ್ಟರ್ ನಡೆಸುವವರು ತಪ್ಪಿಸಿಕೊಳ್ಳೋಕೆ ಆಗಲ್ಲ. ಆದರೆ ದಂಡ? ಮೊದಲ ಸಲ 10ರಿಂದ 50 ರೂಪಾಯಿ. ಓದಿ ಹೊಟ್ಟೆ ಉರಿಯಿತು. ಒಂದು ಜೀವ ಬಾಯಾರಿ ಒದ್ದಾಡಿದ್ದಕ್ಕೆ ಇಷ್ಟೇನಾ?

2022ರಲ್ಲಿ ಕೇಂದ್ರ ಸರ್ಕಾರ ತಿದ್ದುಪಡಿಯ ಕರಡು ತಂದು ಜನರ ಅಭಿಪ್ರಾಯ ಕೇಳಿತ್ತು. ಅದನ್ನು ಮತ್ತೆ ಕೈಗೆತ್ತಿಕೊಳ್ಳಿ ಅಂತ ನಮ್ಮ ಸಂಸದರಿಗೆ ಪತ್ರ ಬರೆದೆವು. ಜೊತೆಗೆ ಶಾಸಕರನ್ನೂ ಭೇಟಿಯಾದೆವು, ಯಾಕಂದ್ರೆ ರಾಜ್ಯವೂ ಈ ಕಾಯ್ದೆಯನ್ನು ತಿದ್ದಬಹುದು. 2017ರಲ್ಲಿ ಕಂಬಳಕ್ಕಾಗಿ ನಮ್ಮ ವಿಧಾನಸಭೆಯೇ ತಿದ್ದಿದೆ ಅಲ್ವಾ? ದಂಡ ಹೆಚ್ಚಿಸಬೇಕು, ಪ್ರತಿ ನಾಯಿಗೆ ಇಷ್ಟು ಜಾಗ ಅಂತ ಇರಬೇಕು, ಡಾಕ್ಟರ್ ತಪಾಸಣೆಯ ದಾಖಲೆ ಯಾರು ಬೇಕಾದರೂ ನೋಡುವಂತಿರಬೇಕು ಅಂತ ಕೇಳಿದ್ದೇವೆ. ಸುಪ್ರೀಂ ಕೋರ್ಟ್ 2025ರಲ್ಲಿ ಶಾಲೆ, ಆಸ್ಪತ್ರೆಗಳಂಥ ಕಡೆಯ ಬೀದಿನಾಯಿಗಳನ್ನು ಶೆಲ್ಟರ್‌ಗೆ ಸೇರಿಸಿ ಅಂತ ಆದೇಶ ಕೊಟ್ಟ ಮೇಲಂತೂ ಶೆಲ್ಟರ್‌ಗಳ ಮೇಲೆ ಹೊರೆ ಜಾಸ್ತಿಯಾಗುತ್ತಿದೆ, ನಿಯಮ ಈಗಲೇ ಬೇಕು.

ಶಾಸಕರು ಪೂರ್ತಿ ಕೇಳಿಸಿಕೊಂಡರು, ಮಾತು ಕೊಡಲಿಲ್ಲ. ಆ ಶೆಲ್ಟರ್‌ನಲ್ಲಿ ಈಗ ನೀರಿನ ತೊಟ್ಟಿ ಬಂದಿದೆ, ಗೂಡುಗಳು ಮಾತ್ರ ಹಾಗೇ ಇವೆ. ಮುಂದಿನ ವಾರ ಮತ್ತೆ ಹೋಗುತ್ತಿದ್ದೇವೆ.