ಪ್ರಶ್ನೋತ್ತರ: ಫುಟ್‌ಪಾತಿನಲ್ಲಿ ಮಲಗುವವರಿಗಾಗಿ ಡಿಸೈನ್ ಥಿಂಕಿಂಗ್, ಎಲ್ಲಿಂದ ಶುರು ಮಾಡಬೇಕು?

ಪ್ರಶ್ನೆ (ಇಂಜಿನಿಯರಿಂಗ್ ಕಾಲೇಜಿನ ಉಪನ್ಯಾಸಕಿ): ನಮಸ್ಕಾರ. ಐದನೇ ಸೆಮಿಸ್ಟರಿನ 6 ಮಕ್ಕಳ ತಂಡ, ಕೈಯಲ್ಲಿ 8 ವಾರ, ಖರ್ಚಿಗೆ 15,000 ರೂಪಾಯಿ. ಬೆಂಗಳೂರಿನಲ್ಲಿ ಮನೆಯಿಲ್ಲದವರಿಗೆ ನೆರವಾಗುವಂಥ ಏನಾದರೂ ಒಂದನ್ನು ಡಿಸೈನ್ ಥಿಂಕಿಂಗ್ (ಬಳಸುವವರನ್ನು ಮೊದಲು ಅರಿತು ಪರಿಹಾರ ರೂಪಿಸುವ) ಕ್ರಮದಲ್ಲಿ ಮಾಡಬೇಕು. ಮಕ್ಕಳು ಈಗಲೇ ಎರಡು ಐಡಿಯಾ ಹಿಡಿದು ಕೂತಿದ್ದಾರೆ. ಒಂದು, ಹತ್ತಿರದ ತಂಗುದಾಣ ತೋರಿಸುವ ಆ್ಯಪ್. ಇನ್ನೊಂದು, ಬಿಚ್ಚಿದರೆ ಟೆಂಟ್ ಆಗುವ ಬೆನ್ನುಚೀಲ. ಯಾವುದನ್ನು ಮುಂದುವರಿಸಲಿ? ಫೀಲ್ಡಿಗೆ ಹೋಗುವ ಮುಂಚೆ ಏನು ಸಿದ್ಧತೆ ಬೇಕು?

ಉತ್ತರ (ವಿನ್ಯಾಸ ಸಂಶೋಧಕ): ಮೇಡಂ, ಎರಡನ್ನೂ ಒಂದು ಹಾಳೆಯಲ್ಲಿ ಬರೆಸಿ, ಕವರಿಗೆ ಹಾಕಿ ಅಂಟಿಸಿಬಿಡಿ. ಐದನೇ ವಾರ ಒಡೆದು ನೋಡೋಣ. ಸ್ಟ್ಯಾನ್‌ಫರ್ಡಿನ ವಿನ್ಯಾಸ ಶಾಲೆ ಡಿ-ಸ್ಕೂಲ್ ಕಲಿಸುವ ಡಿಸೈನ್ ಥಿಂಕಿಂಗಿನ ಐದು ಹಂತಗಳು ನಿಮಗೆ ಗೊತ್ತೇ ಇವೆ: ಜನರನ್ನು ಅರಿಯುವುದು, ಸಮಸ್ಯೆಯನ್ನು ಒಂದು ವಾಕ್ಯಕ್ಕೆ ತರುವುದು, ಐಡಿಯಾ ಹುಟ್ಟಿಸುವುದು, ಮಾದರಿ ಕಟ್ಟುವುದು, ಪರೀಕ್ಷೆ ಮಾಡುವುದು. ನಿಮ್ಮ ಮಕ್ಕಳು ಮೂರನೆಯದಕ್ಕೆ ಹಾರಿದ್ದಾರೆ, ಎಲ್ಲ ತಂಡಗಳೂ ಹಾರುತ್ತವೆ. ಎಂಟರಲ್ಲಿ ಮೂರು ವಾರ ಮೊದಲೆರಡು ಹಂತಕ್ಕೇ ಇಡಿ. ಅಲ್ಲಿ ಜುಗ್ಗತನ ಮಾಡಿದರೆ ಮುಂದಿನದೆಲ್ಲ ದಂಡ.

'ಮನೆಯಿಲ್ಲದವರು' ಅನ್ನುವ ಒಂದೇ ಗುಂಪು ಇಲ್ಲ. ಕಲಾಸಿಪಾಳ್ಯ, ಕೆ.ಆರ್. ಮಾರ್ಕೆಟ್ ಸುತ್ತ ಮಲಗುವ ಒಂಟಿ ಕೂಲಿಯವರದು ಒಂದು ಲೆಕ್ಕ. ಕಿದ್ವಾಯಿ, ನಿಮ್ಹಾನ್ಸ್ ಹೊರಗೆ ಚಾಪೆ ಹಾಸುವ ರೋಗಿಗಳ ಕಡೆಯವರದು ಇನ್ನೊಂದು. ಅವರಿಗೆ ಊರಲ್ಲಿ ಮನೆ ಇದೆ, ಇಲ್ಲಿ ಮೂರು ವಾರಕ್ಕೆ ಜಾಗವಿಲ್ಲ. ಸಿಗ್ನಲ್ಲಿನಲ್ಲಿ ಬಲೂನು ಮಾರುವ ಕುಟುಂಬಗಳದು ಮೂರನೆಯದು. ಒಂದು ಗುಂಪು, ಒಂದು ಜಾಗ ಮಾತ್ರ ಆರಿಸಿ. ಮೆಜೆಸ್ಟಿಕ್ಕಿಗೂ ಹೋಗಿ ಶಿವಾಜಿನಗರಕ್ಕೂ ಹೋದರೆ ಎಂಟು ವಾರದಲ್ಲಿ ಕೈಗೆ ಬರುವುದು ವರದಿ ಮಾತ್ರ.

12ರಿಂದ 15 ಜನರ ಜೊತೆ ಮಾತು ಸಾಕು, ಆದರೆ ಒಬ್ಬೊಬ್ಬರನ್ನೂ ಎರಡು ಸಲ ಕಾಣಬೇಕು. ಮೊದಲ ದಿನ ಹೇಳಿದ್ದಕ್ಕೂ ನಾಲ್ಕನೇ ದಿನ ಹೇಳಿದ್ದಕ್ಕೂ ಇರುವ ಅಂತರದಲ್ಲೇ ಅಸಲು ವಿಷಯ ಇರುತ್ತದೆ. 'ನಿಮಗೆ ಏನು ಬೇಕು?' ಅಂತ ಕೇಳಲೇಬೇಡಿ. 'ಕಂಬಳಿ' ಅನ್ನುತ್ತಾರೆ, ಯಾಕೆಂದರೆ ಕೇಳಲು ಬರುವವರು ಕೊಡುವುದು ಕಂಬಳಿಯನ್ನೇ. 'ನಿನ್ನೆ ಬೆಳಿಗ್ಗೆ ಎದ್ದ ಮೇಲೆ ಏನೇನು ಮಾಡಿದಿರಿ, ಎಲ್ಲೆಲ್ಲಿ ದುಡ್ಡು ಕೊಟ್ಟಿರಿ?' ಅಂತ ಕೇಳಿ. ಸ್ನಾನ, ಶೌಚಾಲಯ, ಫೋನ್ ಚಾರ್ಜು, ಟೀ, ಚೀಲ ಇಡಲು ಅಂಗಡಿಯವರಿಗೆ ಕೊಟ್ಟದ್ದು, ಎಲ್ಲವನ್ನೂ ಗಂಟೆಯ ಪ್ರಕಾರ ಒಂದು ಉದ್ದ ಪಟ್ಟಿಯಲ್ಲಿ ಬರೆಯಿರಿ. ಆ ಪಟ್ಟಿಗಳನ್ನು ಗೋಡೆಗೆ ಸಾಲಾಗಿ ಅಂಟಿಸಿದರೆ ಕಷ್ಟ ಯಾವ ಗಂಟೆಯಲ್ಲಿ ಗುಂಪುಗೂಡಿದೆ ಅಂತ ಕಣ್ಣಿಗೇ ಕಾಣುತ್ತದೆ.

ಉತ್ತರ (ವಸತಿರಹಿತರ ಆಶ್ರಯ ಕೇಂದ್ರದ ಸಮಾಜ ಕಾರ್ಯಕರ್ತೆ): ಸರ್ ಹೇಳಿದ್ದಕ್ಕೆ ಫೀಲ್ಡಿನ ಕಡೆಯಿಂದ ಸ್ವಲ್ಪ ಸೇರಿಸ್ತೀನಿ.

ಮಕ್ಕಳು ಕೊರಳಿಗೆ ಐಡಿ ಕಾರ್ಡ್ ಹಾಕಿಕೊಂಡು, ಕೈಯಲ್ಲಿ ಫಾರಂ ಹಿಡಿದು ಹೋದರೆ ಜನ ಎದ್ದು ಹೋಗ್ತಾರೆ. ಕರ್ನಾಟಕದಲ್ಲಿ 1975ರ ಭಿಕ್ಷಾಟನೆ ನಿಷೇಧ ಕಾಯ್ದೆ ಇದೆ. 'ಹೆಸರು ಬರೆದುಕೊಂಡವರು ಆಮೇಲೆ ಗಾಡಿ ತಂದು ಸುಮನಹಳ್ಳಿಯ ಭಿಕ್ಷುಕರ ಕೇಂದ್ರಕ್ಕೆ ಹಾಕ್ತಾರೆ' ಅನ್ನೋ ಭಯ ದುಡಿದು ತಿನ್ನೋರಿಗೂ ಇದೆ. ಹೆಸರು ಕೇಳಬೇಡಿ, ಫೋಟೋ ತೆಗೆಯಬೇಡಿ, ಪ್ರೆಸೆಂಟೇಶನ್ನಿಗೆ ಚಿತ್ರ ಬರೆಸಿ. ಆ ಜಾಗಕ್ಕೆ ಆಗಲೇ ಹೋಗಿ ಬರುವ ಸಂಸ್ಥೆಯವರನ್ನು ಜೊತೆಗೆ ಕರೆದುಕೊಂಡು ಹೋಗಿ.

ಹೊತ್ತು ಮುಖ್ಯ. ರಾತ್ರಿ 8.30ರಿಂದ 10ರೊಳಗೆ ಊಟ ಮುಗಿದು ಮಾತಿಗೆ ಸಿಗ್ತಾರೆ, ಇಲ್ಲಾ ಬೆಳಿಗ್ಗೆ 5.30ಕ್ಕೆ ಟೀ ಅಂಗಡಿ ಹತ್ತಿರ. ಮಲಗಿದವರನ್ನು ಎಬ್ಬಿಸಬಾರದು. ಇಬ್ಬಿಬ್ಬರು ಹೋಗಲಿ, ಆರು ಜನ ಒಟ್ಟಿಗೆ ನಿಂತರೆ ಪಂಚಾಯ್ತಿ ಆಗತ್ತೆ. ಕನ್ನಡದ ಜೊತೆ ತೆಲುಗು, ತಮಿಳು, ಹಿಂದಿ ಬರೋರು ಬೇಕು. ಕಲಬುರಗಿ, ರಾಯಚೂರು ಕಡೆಯವರ ಕನ್ನಡ ಕೇಳಿ ನಗಬೇಡಿ ಅಂತ ಮೊದಲೇ ಹೇಳಿಡಿ. ಸಮಯ ಕೊಟ್ಟವರಿಗೆ ಏನಾದರೂ ಕೊಡೋದಾದರೆ ಎಲ್ಲರಿಗೂ ಒಂದೇ ಮೊತ್ತ, ಟೀ ಅಂಗಡಿ ಒಳಗೆ. ರಸ್ತೆಯಲ್ಲಿ ನೋಟು ತೆಗೆದರೆ ರಾತ್ರಿ ಅವರ ಜೇಬಿಗೇ ಬ್ಲೇಡು ಬೀಳತ್ತೆ.

ಇನ್ನು ಆ್ಯಪ್. ತಂಗುದಾಣ ಎಲ್ಲಿದೆ ಅಂತ ಅವರಿಗೆ ಗೊತ್ತಿರತ್ತೆ. ಬರದೇ ಇರೋ ಕಾರಣಗಳೇ ಬೇರೆ: ಗಂಡ ಹೆಂಡತಿ ಬೇರೆ ಬೇರೆ ಕಡೆ ಮಲಗಬೇಕು, ರಾತ್ರಿ ಇಂತಿಷ್ಟು ಗಂಟೆ ಮೇಲೆ ಬಾಗಿಲು ತೆಗೆಯಲ್ಲ, ಕುಡಿದಿದ್ದರೆ ಸೇರಿಸಲ್ಲ, ಬೆಳಿಗ್ಗೆ 6ಕ್ಕೆ ಕೂಲಿ ಅಡ್ಡಾದಲ್ಲಿ ನಿಲ್ಲೋದಕ್ಕೆ ದೂರ. ಜಾಗವೂ ಸಾಲದು. 2010ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು 1 ಲಕ್ಷ ಜನಸಂಖ್ಯೆಗೆ 100 ಜನರ ಒಂದು ಕೇಂದ್ರ ಅಂತ. 2011ರ ಜನಗಣತಿಯ 84 ಲಕ್ಷದ ಲೆಕ್ಕ ಹಿಡಿದರೂ ಈ ಊರಿಗೆ 84 ಬೇಕು. ಇಲ್ಲವೇ ಇಲ್ಲದ ಹಾಸಿಗೆಯನ್ನು ಆ್ಯಪ್ ತೋರಿಸೋಕಾಗಲ್ಲ.

ಪ್ರಶ್ನೆ (ಉಪನ್ಯಾಸಕಿ): ಇಬ್ಬರಿಗೂ ಧನ್ಯವಾದ. ಎರಡು ವಾರ ಕಲಾಸಿಪಾಳ್ಯದ ಕಡೆ ಓಡಾಡಿದೆವು. ಗೋಡೆ ಮೇಲಿನ ಪಟ್ಟಿಗಳಲ್ಲಿ ಬೆಳಿಗ್ಗೆ 5.30ರಿಂದ 7ರವರೆಗೆ 'ಚೀಲ' ಅನ್ನುವ ಪದ ಮತ್ತೆ ಮತ್ತೆ ಬರುತ್ತಿದೆ. ಚೀಲ ಎಲ್ಲಿಡುವುದು ಅನ್ನುವುದೇ ದಿನದ ಮೊದಲ ಚಿಂತೆ. ಇದನ್ನು ಸಮಸ್ಯೆಯ ವಾಕ್ಯ ಮಾಡುವುದು ಹೇಗೆ? ಮಾದರಿ ಹೇಗೆ?

ಉತ್ತರ (ವಿನ್ಯಾಸ ಸಂಶೋಧಕ): ಚೆನ್ನಾಗಿ ಹಿಡಿದಿದ್ದಾರೆ. ವಾಕ್ಯದಲ್ಲಿ ಯಾರು, ಎಲ್ಲಿ, ಎಷ್ಟು ಹೊತ್ತಿಗೆ, ಏನನ್ನು ಕಳೆದುಕೊಳ್ಳುತ್ತಾರೆ ಅನ್ನುವುದು ಇರಬೇಕು, ಪರಿಹಾರ ಇರಬಾರದು. ಉದಾಹರಣೆಗೆ: 'ಕಲಾಸಿಪಾಳ್ಯದಲ್ಲಿ ಮಲಗುವ ಒಂಟಿ ಕೂಲಿಯವನಿಗೆ ಬೆಳಿಗ್ಗೆ 6ರಿಂದ ರಾತ್ರಿವರೆಗೆ ಚೀಲ ಬಿಟ್ಟುಹೋಗಲು ನಂಬಿಕೆಯ ಜಾಗವಿಲ್ಲ, ಹೆಗಲ ಮೇಲೆ ಚೀಲ ಕಂಡರೆ ಮೇಸ್ತ್ರಿ ಬೇರೆಯವನನ್ನು ಕರೆಯುತ್ತಾನೆ.' 'ಲಾಕರ್ ಇಲ್ಲ' ಅಂತ ಬರೆದರೆ ಆಗಲೇ ಉತ್ತರ ಬರೆದ ಹಾಗೆ.

ಐಡಿಯಾಗೆ ಎರಡು ಗಂಟೆ ಸಾಕು. ಎ4 ಹಾಳೆಯನ್ನು ಎಂಟು ಭಾಗವಾಗುವಂತೆ ಮಡಚಿ, 8 ನಿಮಿಷದಲ್ಲಿ 8 ಚಿತ್ರ, ಆರು ಮಕ್ಕಳಿಂದ 48. ಸೋಸುವಾಗ ಕೇಳಬೇಕಾದ್ದು ಒಂದೇ: ಸೆಮಿಸ್ಟರ್ ಮುಗಿದ ಮಾರನೇ ದಿನ ಇದನ್ನು ಯಾರು ನಡೆಸುತ್ತಾರೆ? ಮುಕ್ಕಾಲು ಪಾಲು ಅಲ್ಲೇ ಉದುರುತ್ತವೆ.

ಮಾದರಿಗೆ ಲಾಕರ್ ಕೊಳ್ಳಬೇಡಿ. ಆಶ್ರಯ ಕೇಂದ್ರದ್ದೋ ಯಾವುದಾದರೂ ಛತ್ರದ್ದೋ 10×10 ಅಡಿ ಕೋಣೆ ಕೇಳಿ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಒಂದೂವರೆ ಅಡಿ ಚೌಕ 20 ಬರೆಯಿರಿ. ಅಕ್ಕಿಚೀಲದಷ್ಟು ಗಂಟು ನಿಲ್ಲಿಸಿದರೆ ಒಂದು ಚೌಕ. 20 ಚೌಕಕ್ಕೆ 45 ಚದರ ಅಡಿ, ಮಿಕ್ಕಿದ್ದು ಓಡಾಡಲು. ತೇವ ಹತ್ತದಂತೆ ಕೆಳಗೆ ಹಲಗೆ. ರ‍್ಯಾಕ್ ಬೇಕೋ ಬೇಡವೋ ಅನ್ನುವುದನ್ನು ಪರೀಕ್ಷೆ ಮುಗಿದ ಮೇಲೆ ನೋಡಿ.

ಟೋಕನ್ ಬಗ್ಗೆ ತಲೆ ಕೆಡಿಸಿಕೊಳ್ಳಿ, ಇಡೀ ವ್ಯವಸ್ಥೆ ನಿಂತಿರುವುದು ಅದರ ಮೇಲೆ. ಕಾಗದದ ಚೀಟಿ ಬೆವರಿಗೆ ಮಧ್ಯಾಹ್ನದೊಳಗೆ ಮುದ್ದೆಯಾಗುತ್ತದೆ. ಲ್ಯಾಮಿನೇಟ್ ಮಾಡಿದ ಕಾರ್ಡು ಲೋಡ್ ಎತ್ತುವಾಗ ಜೇಬಿನಿಂದ ಜಾರುತ್ತದೆ. ತೂತಿರುವ ಅಲ್ಯೂಮಿನಿಯಂ ಬಿಲ್ಲೆ, ಒಂದೇ ಸಂಖ್ಯೆಯವು ಎರಡೆರಡು ಮಾಡಿಸಿ. ಒಂದು ಚೀಲಕ್ಕೆ, ಇನ್ನೊಂದು ಆಳಿಗೆ. ಬಹಳ ಜನ ಉಡಿದಾರಕ್ಕೆ ಕಟ್ಟಿಕೊಳ್ಳುತ್ತಾರೆ, ಅದಕ್ಕಿಂತ ಭದ್ರ ಜಾಗ ಇಲ್ಲ. ಓದು ಬಾರದವರಿಗೆ ಸಂಖ್ಯೆಯ ಜೊತೆ ಒಂದು ಗುರುತು ಒತ್ತಿಸಿ: ಸೈಕಲ್, ನವಿಲು, ಬಿಂದಿಗೆ. ಬಿಲ್ಲೆ ಕಳೆದವರಿಗೆ ಚೀಲ ಕೊಡುವುದು ಹೇಗೆ ಅಂತ ಮೊದಲೇ ತೀರ್ಮಾನಿಸಿ. ಇಡುವಾಗಲೇ 'ಒಳಗೆ ಮೇಲ್ಗಡೆ ಇರುವ ಬಟ್ಟೆ ಯಾವ ಬಣ್ಣ?' ಅಂತ ಕೇಳಿ ಪುಸ್ತಕದಲ್ಲಿ ಬರೆದಿಡಿ. ಅದೇ ಪಾಸ್‌ವರ್ಡ್.

ಚೀಲವನ್ನು ಮಕ್ಕಳು ಬಿಚ್ಚಬಾರದು, ಯಜಮಾನನೇ ಬಿಚ್ಚಿ ತೋರಿಸಲಿ. ಬೆಂಕಿಪೊಟ್ಟಣ, ಸೀಮೆಎಣ್ಣೆ, ಹಳಸುವ ತಿಂಡಿ, ಹೆಂಡ ಬೇಡ. ನಗದು, ಆಧಾರ್ ಕಾರ್ಡ್ ಅವರ ಮೈಮೇಲೇ ಇರಲಿ. ಅದಕ್ಕೊಂದು ಜಿಪ್ ಕವರ್ ಕೊಡಿ. ಪ್ರತಿ ಚೀಲವನ್ನೂ ದಪ್ಪ ಪ್ಲಾಸ್ಟಿಕ್ಕಿನೊಳಗೆ ಹಾಕಿ ಬಿಗಿಯಾಗಿ ಕಟ್ಟಿ. ಬಿಟ್ಟರೆ ಒಬ್ಬರ ತಿಗಣೆ ವಾರದೊಳಗೆ ಇಪ್ಪತ್ತೂ ಗಂಟಿಗೆ ಹತ್ತಿರುತ್ತದೆ, ಅಲ್ಲಿಗೆ ನಿಮ್ಮ ಹೆಸರೂ ಕೆಟ್ಟಿತು.

14 ದಿನ ನಡೆಸಿ, ಎರಡು ಭಾನುವಾರ ಬರಬೇಕು. ಮೊದಲ ದಿನದ ಸಂಖ್ಯೆಗೆ ಬೆಲೆಯಿಲ್ಲ, ಅದು ಕುತೂಹಲ. ಎರಡನೇ ದಿನ, ಐದನೇ ದಿನ ಎಷ್ಟು ಬಿಲ್ಲೆ ವಾಪಸ್ ಬಂದವು ನೋಡಿ. ಒಮ್ಮೆ ಬಂದು ಬಿಟ್ಟವರನ್ನು ಹುಡುಕಿ ಮಾತಾಡಿಸುವುದು ಇನ್ನೂ ಮುಖ್ಯ.

ಉತ್ತರ (ಸಮಾಜ ಕಾರ್ಯಕರ್ತೆ): ಒಂದು ಎಡವಟ್ಟು ಈಗಲೇ ಹೇಳಿಬಿಡ್ತೀನಿ. 'ರಾತ್ರಿ 9.30ಕ್ಕೆ ಮುಚ್ಚುತ್ತೇವೆ' ಅಂತ ಬೋರ್ಡ್ ಹಾಕ್ತೀರಿ. ಮದುವೆ ಸೀಸನ್ನಿನಲ್ಲಿ ಬಡಿಸೋಕೆ, ಪಾತ್ರೆ ತೊಳೆಯೋಕೆ ಹೋದವರು ಬರೋದು 11.30ಕ್ಕೆ. ಹೊದಿಕೆ ನಿಮ್ಮ ಬೀಗದೊಳಗೆ, ಅವರು ಬರಿ ನೆಲದ ಮೇಲೆ. ಮಾರನೇ ದಿನ ಅವರೂ ಬರಲ್ಲ, ಅವರ ಜೊತೆಯವರೂ ಬರಲ್ಲ. ಅದಕ್ಕೇ ರಾತ್ರಿಯಿಡೀ ಕೇರ್‌ಟೇಕರ್ ಇರುವ ಕಡೆ ಮಾಡಿ, ಕೀಲಿ ಅವರ ಹತ್ತಿರ ಇರಲಿ.

ಪಾಲಿಕೆಗೆ ಪತ್ರ ಬರೆಯೋದಾದರೆ ಬಿಬಿಎಂಪಿ ಅಂತ ಬರೆಯಬೇಡಿ. 2025ರ ಸೆಪ್ಟೆಂಬರಿನಿಂದ ಅದರ ಬದಲು ಐದು ನಗರ ಪಾಲಿಕೆಗಳಿವೆ, ನಿಮ್ಮ ರಸ್ತೆ ಯಾವುದಕ್ಕೆ ಸೇರುತ್ತೆ ನೋಡಿ ಬರೆಯಿರಿ.

ಪ್ರಶ್ನೆ (ತಂಡದ ವಿದ್ಯಾರ್ಥಿ): ಸರ್, ಟೆಂಟ್ ಯಾಕೆ ಬೇಡ? ಹಾಸಿಗೆಯಾದರೂ ಮಾಡಬಹುದಾ?

ಉತ್ತರ (ವಿನ್ಯಾಸ ಸಂಶೋಧಕ): ಫುಟ್‌ಪಾತಿನಲ್ಲಿ ಟೆಂಟ್ ಎದ್ದರೆ ಎಲ್ಲರ ಕಣ್ಣಿಗೂ ಬೀಳುತ್ತದಪ್ಪ, ಅಂಗಡಿ ಮುಂದಿನಿಂದ ಏಳಿಸುತ್ತಾರೆ. ಒಳಗಿರುವವನಿಗೆ ಹೊರಗೆ ಯಾರು ಬಂದರು ಅಂತ ಕಾಣುವುದಿಲ್ಲ, ಅದು ಇನ್ನೂ ಅಪಾಯ.

ಹಾಸಿಗೆ ಒಳ್ಳೆಯ ವಿಷಯ. ಚಳಿ ಹತ್ತುವುದು ಮೇಲಿನಿಂದ ಮಾತ್ರವಲ್ಲ, ಕೆಳಗಿನ ಕಲ್ಲು ಚಪ್ಪಡಿಯಿಂದಲೂ. ಮೈಭಾರಕ್ಕೆ ಕೆಳಗಿನ ಕಂಬಳಿ ಅಪ್ಪಚ್ಚಿಯಾಗಿ ಅದರ ಗಾಳಿಯೆಲ್ಲ ಹೋಗಿರುತ್ತದೆ. ಟಿವಿ, ಫ್ರಿಜ್ ಪ್ಯಾಕಿಂಗಿಗೆ ಬರುವ 10 ಮಿಲಿಮೀಟರ್ ಇಪಿಇ ಫೋಮ್ 6×3 ಅಡಿ ತಗೋ, ಸುಮಾರು 350 ಗ್ರಾಂ. ಅದರ ಕೆಳಗೆ 120 ಜಿಎಸ್‌ಎಂ (ಚದರ ಮೀಟರಿಗೆ 120 ಗ್ರಾಂ ತೂಗುವ) ಟಾರ್ಪಾಲು, 200 ಗ್ರಾಂ. ಮೇಲೆ ಹತ್ತಿ ಬಟ್ಟೆಯೇ ಬೇಕು, ಪ್ಲಾಸ್ಟಿಕ್ ಆದರೆ ಬೆವರು ನಿಂತು ನಡುರಾತ್ರಿ ಒದ್ದೆಯಾಗುತ್ತದೆ. ಸುರುಳಿ ಸುತ್ತಿದರೆ ಮೂರಡಿ ಉದ್ದದ ದಿಂಡು, ಎಲ್ಲೂ ಇಡಲಾಗದು. ಒಂದೂವರೆ ಅಡಿಯ ನಾಲ್ಕು ತುಂಡು ಮಾಡಿ, ಬಟ್ಟೆಯಲ್ಲಿ ನಾಲ್ಕು ಜೇಬು ಹೊಲಿದು ಮಡಚುವ ಹಾಗೆ ಮಾಡು. ಹಗಲು ಕೂರಲು ಮಣೆ ಆಗುತ್ತದೆ.

ಟಾರ್ಪಾಲು ಫೋಮಿಗಿಂತ ಒಂದಿಂಚೂ ಹೊರಚಾಚಬಾರದು. ಚಾಚಿದರೆ ಮಳೆನೀರು ಅದರ ಮೇಲೆ ಬಿದ್ದು ಒಳಗೇ ಹರಿದು ಬರುತ್ತದೆ. ಬಣ್ಣ ಸಿಮೆಂಟಿನದೋ ಗೋಣಿಯದೋ ಇರಲಿ, ಹೊಳೆಯುವ ನೀಲಿ ಹೊಸದಾಗಿ ಕಂಡರೆ ಅದೇ ರಾತ್ರಿ ಕಳವು. ದಿನಾ ಮಲಗಿದರೆ ಇಪಿಇ ಕೆಲವೇ ತಿಂಗಳಲ್ಲಿ ಚಪ್ಪಟೆಯಾಗುತ್ತದೆ, ತುಂಡು ಬದಲಿಸುವಂತೆ ಜೇಬಿನ ಬಾಯಿ ತೆರೆದೇ ಇಡು.

ಪ್ರಶ್ನೆ (ಈ ಪ್ರಶ್ನೋತ್ತರ ಗುಂಪಿನ ಇನ್ನೊಬ್ಬ ಸದಸ್ಯೆ): ಹೆಂಗಸರನ್ನು ಯಾಕೆ ಬಿಟ್ಟಿದ್ದೀರಿ? ಮಾನಸಿಕ ಅಸ್ವಸ್ಥರನ್ನು?

ಉತ್ತರ (ಸಮಾಜ ಕಾರ್ಯಕರ್ತೆ): ಹೆಂಗಸರನ್ನು ಬಿಡಬಾರದು, ಆದರೆ ಮಲಗುವ ಜಾಗದಲ್ಲಿ ಮಾತಾಡಿಸಬಾರದು. ನೀವು ಅಲ್ಲಿ ನಿಂತು ಮಾತಾಡಿದರೆ ಅವರು ಎಲ್ಲಿ ಮಲಗ್ತಾರೆ ಅಂತ ಬೀದಿಗೆಲ್ಲ ತೋರಿಸಿಕೊಟ್ಟ ಹಾಗೆ. ಬೆಳಿಗ್ಗೆ ಸಾರ್ವಜನಿಕ ಶೌಚಾಲಯದ ಹತ್ತಿರ, ಹುಡುಗಿಯರೇ ಇಬ್ಬರು ಹೋಗಿ ಮಾತಾಡಲಿ.

ಮಾನಸಿಕ ಅಸ್ವಸ್ಥರನ್ನು ವಿದ್ಯಾರ್ಥಿಗಳ ಪರೀಕ್ಷೆಗೆ ಸೇರಿಸಬೇಡಿ, ಒಪ್ಪಿಗೆ ಅನ್ನೋದೇ ಅಲ್ಲಿ ಕಷ್ಟ. ಅಪಾಯದಲ್ಲಿರೋರು ಕಂಡರೆ 112ಕ್ಕೆ ಫೋನ್ ಮಾಡಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 100ನೇ ಸೆಕ್ಷನ್ ಪ್ರಕಾರ ಅಂಥವರನ್ನು ರಕ್ಷಣೆಗೆ ತಗೊಂಡು, 24 ಗಂಟೆಯೊಳಗೆ ಸರ್ಕಾರಿ ಆರೋಗ್ಯ ಸಂಸ್ಥೆಗೆ ಕರೆದೊಯ್ಯೋದು ಪೊಲೀಸರ ಹೊಣೆ. 14416 ಟೆಲಿ-ಮಾನಸ್ ಸಲಹೆಗೆ ಇರೋದು, ಅಲ್ಲಿಂದ ಗಾಡಿ ಬರಲ್ಲ.

ಮೇಡಂ, ಕೊನೆಗೆ ನಿಮಗೊಂದು. 14 ದಿನ ಅಂತ ಮೊದಲ ದಿನವೇ ಹೇಳಿ, 10ನೇ ದಿನ ಮತ್ತೆ ಪ್ರತಿಯೊಬ್ಬರಿಗೂ ಬಾಯಲ್ಲಿ ಹೇಳಿ. ಕೊನೆ ದಿನ ಎರಡು ಮೂರು ಚೀಲ ಉಳಿದೇ ಉಳಿಯತ್ತೆ, ಯಜಮಾನ ಊರಿಗೆ ಹೋಗಿರ್ತಾನೆ. ಅವನ್ನು ಕಸದ ಆಟೋಗೆ ಹಾಕಬೇಡಿ. ಬಿಲ್ಲೆ ಸಮೇತ ಪಟ್ಟಿ ಮಾಡಿ, ಕನಿಷ್ಠ ಎರಡು ತಿಂಗಳು ಇಟ್ಟುಕೊಳ್ಳೋಕೆ ಕೇರ್‌ಟೇಕರ್ ಹತ್ತಿರ ಈಗಲೇ ಮಾತಾಡಿಡಿ.